ಕೂಸಿನ ಮೈ, ಕೂಸಿನ ಹಕ್ಕು

ನಾಗಸಂದ್ರದ ಕಾರ್ಮಿಕನ ಮನೆಯಲ್ಲಿ ಕೂಸು ಹುಟ್ಟಿತೆಂದರೆ ನೆರೆಹೊರೆಯವರ ಮೊದಲ ಪ್ರಶ್ನೆ: ಗಂಡೋ, ಹೆಣ್ಣೋ? ಎರಡರಲ್ಲಿ ಒಂದೆಂದು ಖಚಿತವಾಗಿ ಹೇಳಲಾಗದ ದೇಹರಚನೆಯ ಅಂತರಲಿಂಗಿ ಮಕ್ಕಳೂ ಹುಟ್ಟುತ್ತವೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಆದರೂ ಜನರ ಬಾಯಿಗೆ ಹೆದರಿ, ಸಾಲ ಮಾಡಿಯಾದರೂ, ಮಾತು ಬಾರದ ಕೂಸಿಗೆ ಕತ್ತರಿ ಹಾಕಿಸುವ ಹೆತ್ತವರಿದ್ದಾರೆ.

2019ರ ಏಪ್ರಿಲ್ 22ರಂದು ಮದರಾಸು ಉಚ್ಚ ನ್ಯಾಯಾಲಯದ ಮಧುರೈ ಪೀಠವು, ತಂದೆತಾಯಿಗಳ ಒಪ್ಪಿಗೆ ಮಗುವಿನ ಒಪ್ಪಿಗೆಯಾಗದು ಎಂದು ಸಾರಿತು. ಅದೇ ವರ್ಷದ ಆಗಸ್ಟಿನಲ್ಲಿ ತಮಿಳುನಾಡು ಸರಕಾರವು, ಪ್ರಾಣಾಪಾಯದ ಸಂದರ್ಭ ಬಿಟ್ಟು, ಇಂಥ ಶಸ್ತ್ರಕ್ರಿಯೆಯನ್ನು ನಿಷೇಧಿಸಿತು. ಮಾಲ್ಟಾ ದೇಶ 2015ರಲ್ಲೇ ಈ ದಾರಿ ಹಿಡಿದಿತ್ತು.

ಚಿಕಿತ್ಸೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಅಡ್ರಿನಲ್ ಗ್ರಂಥಿಯ ದೋಷದಿಂದ ಮೈಯ ಉಪ್ಪು ಸೋರಿಹೋಗುವ ಕೂಸಿಗೆ ಕೂಡಲೇ ಔಷಧ ಬೇಕು. ತಡವಾದರೆ ಜೀವಕ್ಕೇ ಸಂಚಕಾರ. ಮೂತ್ರದ ದಾರಿ ಕಟ್ಟಿದ್ದರೆ ಬಿಡಿಸಲೇಬೇಕು. ಆದರೆ ನೋಡುವವರ ಕಣ್ಣಿಗೆ ಸರಿಕಾಣಲೆಂದು ಮಾಡುವ ಶಸ್ತ್ರಕ್ರಿಯೆ ಕಾಯಬಹುದು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು.

ತಮಿಳುನಾಡಿನಲ್ಲಿ ಆದದ್ದು ಕರ್ನಾಟಕದಲ್ಲೂ ಆಗಲಿ. ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆ ಪುಕ್ಕಟೆ ತಪಾಸಣೆ, ಔಷಧ ಸಿಗಲಿ. ಹೆತ್ತವರಿಗೆ ತಿಳಿವಳಿಕೆ ಹೇಳುವವರು ಸಿಗಲಿ. ಮಗು ದೊಡ್ಡದಾಗಿ ತನ್ನ ಬಾಯಿಂದಲೇ ಹೇಳುವವರೆಗೆ ಕಾಯುವ ಮನೆಯ ಬೆನ್ನಿಗೆ ನಾವೆಲ್ಲ ನಿಲ್ಲೋಣ.