ವಿಷಕ್ಕೆ 'ಔಷಧ'ವೆಂಬ ಹೆಸರು

ಐಹೊಳೆಯ ಸುತ್ತಿನ ನಮ್ಮ ರೈತರು ಕೀಟನಾಶಕ ಸಿಂಪಡಿಸುವುದಕ್ಕೆ "ಎಣ್ಣಿ ಹೊಡಿಯೂದು" ಎನ್ನುತ್ತಾರೆ. ಅಂಗಡಿಯವರು ಅದನ್ನೇ "ಔಷಧ" ಎಂದು ಮಾರುತ್ತಾರೆ. ಹೆಸರು ಸೌಮ್ಯವಾದ ಮಾತ್ರಕ್ಕೆ ವಿಷವು ಸೌಮ್ಯವಾಗದು. ಒಂದು ಕಾಲಕ್ಕೆ ಹತ್ತಿಯ ಕಾಯಿಕೊರಕ ಹುಳುವಿಗೆಂದು ದೇಶದೆಲ್ಲೆಡೆ ಬಳಕೆಯಲ್ಲಿದ್ದ ಎಂಡೋಸಲ್ಫಾನ್ ಇದಕ್ಕೆ ಸಾಕ್ಷಿ.

ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಈ ವಿಷವನ್ನು ಸುರಿಸಿತು. ಕೆಳಗೆ ಎಣ್ಮಕಜೆ, ಪಡ್ರೆಯಂತಹ ಕನ್ನಡ-ತುಳು ಮಾತನಾಡುವ ಊರುಗಳಿದ್ದವು; ತೊರೆಗಳೂ ಸುರಂಗದ ಕುಡಿಯುವ ನೀರೂ ಇದ್ದವು. ಅಲ್ಲಿನ ಮಕ್ಕಳ ಅಪಸ್ಮಾರ, ಬುದ್ಧಿಮಾಂದ್ಯ, ಅಂಗವೈಕಲ್ಯಗಳನ್ನು ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಬೆಳಕಿಗೆ ತಂದರು. ನಮ್ಮದೇ ರಾಜ್ಯದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಥೆಯೂ ಇದೇ.

ಈ ವಿಷವು ಮಾಡುವುದೇನು? ಹತ್ತನೆಯ ತರಗತಿಯಲ್ಲಿ ನರಕೋಶದ ಚಿತ್ರ ಬರೆದು, ಕೋಶಕಾಯ, ಡೆಂಡ್ರೈಟು, ಆಕ್ಸಾನ್ ಎಂದು ನಾನು ಗುರುತಿಸುತ್ತಿದ್ದೆ. ಈ ಕೋಶಗಳಿಗೆ ಕೆರಳುವುದೆಷ್ಟು ಅಗತ್ಯವೋ ಶಾಂತವಾಗುವುದೂ ಅಷ್ಟೇ ಅಗತ್ಯ. 'ಗಾಬಾ' ಎಂಬ ರಾಸಾಯನಿಕವು ಕೋಶದ ಹೊರಪೊರೆಯಲ್ಲಿರುವ ಕ್ಲೋರೈಡ್ ದ್ವಾರಗಳನ್ನು ತೆರೆದು ಅದನ್ನು ಶಾಂತಗೊಳಿಸುತ್ತದೆ. ಎಂಡೋಸಲ್ಫಾನ್ ಆ ದ್ವಾರವನ್ನೇ ಮುಚ್ಚುತ್ತದೆ. ಆಗ ಕಡಿವಾಣವಿಲ್ಲದ ಕೋಶಗಳು ಒಂದೇ ಸಮನೆ ಕೆರಳಿ ಸೆಳವು ಬರುತ್ತದೆ. ಅತಿಯಾಗಿ ಕೆರಳಿದ ಕೋಶದೊಳಕ್ಕೆ ಕ್ಯಾಲ್ಸಿಯಂ ಮಿತಿಮೀರಿ ನುಗ್ಗಿದರೆ ಅದರ ಕವಲುಗಳೂ ಒಳರಚನೆಯೂ ಶಿಥಿಲವಾಗುತ್ತವೆ. ಸತ್ತ ನರಕೋಶಗಳ ಸ್ಥಾನವನ್ನು ಹೊಸವು ತುಂಬುವುದು ಅಪರೂಪ.

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದರ ನಿರ್ಮೂಲನೆಗೆ ಸಮ್ಮತಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳಕ್ಕೆ ಆದೇಶಿಸಿತು.

ಪ್ರತಿಯೊಂದು ರೋಗಕ್ಕೂ ಇದೊಂದೇ ಕಾರಣವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ವಾದ ನಡೆಯಲಿ, ವಿಜ್ಞಾನಕ್ಕೆ ಅದು ಅಗತ್ಯ. ಆದರೆ ವಾದ ಮುಗಿಯುವವರೆಗೆ ಸಿಂಪಡಣೆ ಮುಂದುವರಿಯಬೇಕೆನ್ನುವುದು ಯಾವ ನ್ಯಾಯ? ಹಾನಿಯಾಗಿದೆಯೆಂದು ರುಜುವಾತು ಮಾಡುವ ಭಾರವನ್ನು ಮಗುವನ್ನು ಹೊತ್ತ ತಾಯಿಯ ಹೆಗಲಿಗೇರಿಸಬಾರದು. ಹಾನಿಯಿಲ್ಲವೆಂದು ತೋರಿಸುವ ಹೊಣೆ ಮಾರುವವನದಾಗಬೇಕು. ಪರಿಹಾರದ ಹಣ ಮನೆಗೆ ಆಸರೆಯಾದೀತು. ನರಕೋಶವನ್ನು ಮರಳಿ ಕಟ್ಟಲಾರದು. ಎಂಡೋಸಲ್ಫಾನ್ ಹೋದರೂ ಅದರ ದಾಯಾದಿಗಳು ಅಂಗಡಿಯಲ್ಲಿವೆ. ಡಬ್ಬಿಯ ಮೇಲಿನ ಕೆಂಪು ತ್ರಿಕೋನದ ಅರ್ಥವನ್ನು ಶಾಲೆಯ ಮಕ್ಕಳಿಗೆ ಇಂದೇ ಕಲಿಸೋಣ. ಮನೆಯಲ್ಲಿ ಅಪ್ಪನಿಗೆ ಅದನ್ನು ಓದಿ ಹೇಳುವವರು ಅವರೇ.