ಊರು ಕಳೆದುಕೊಂಡ ಅಲಗು

ಹಳೆಯ ಆಯುಧಗಳನ್ನು ಕೊಂಡು ಕೂಡಿಡುವವರು ತಮ್ಮನ್ನು ಇತಿಹಾಸದ ರಕ್ಷಕರೆಂದು ಭಾವಿಸಿಕೊಳ್ಳುತ್ತಾರೆ. ತಾವು ಕೊಳ್ಳದಿದ್ದರೆ ಅವು ಗುಜರಿ ಸೇರುತ್ತಿದ್ದವೆಂಬುದು ಅವರ ಸಮರ್ಥನೆ. ಈ ಮಾತನ್ನು ಒರೆಗೆ ಹಚ್ಚಲು ಆಯುಧಸಂಗ್ರಾಹಕರು ಬಹುವಾಗಿ ಮೆಚ್ಚುವ ವಸ್ತುವೊಂದನ್ನೇ, ಎಂದರೆ ಇಂಗ್ಲೆಂಡಿನಲ್ಲಿ ತಯಾರಾದ ಬೋವಿ ಚಾಕುವನ್ನೇ, ತೆಗೆದುಕೊಳ್ಳಬಹುದು.

1836ರಲ್ಲಿ ಅಲಾಮೊ ಕಾಳಗದಲ್ಲಿ ಮಡಿದ ಅಮೆರಿಕದ ಜೇಮ್ಸ್ ಬೋವಿಯ ಹೆಸರು ಹೊತ್ತ ಈ ಚಾಕುಗಳು ಶೆಫೀಲ್ಡಿನಲ್ಲಿ ಹೇರಳವಾಗಿ ತಯಾರಾಗಿ ಅಮೆರಿಕದ ಮಾರುಕಟ್ಟೆಗೆ ಹೋದವು. ಅವುಗಳಲ್ಲಿ ಜೋಸೆಫ್ ರಾಜರ್ಸ್, ಜಾರ್ಜ್ ವೊಸ್ಟೆನ್‌ಹೋಮ್ ಮೊದಲಾದವರ ಮುದ್ರೆಗಳಿವೆ. ಆ ಸೀಮೆಯ ಚಾಕು ತಯಾರಕರ ಸಂಘ 1624ರಷ್ಟು ಹಿಂದೆಯೇ ಸ್ಥಾಪಿತವಾಗಿ, ತಯಾರಕರ ಮುದ್ರೆಗಳನ್ನು ದಾಖಲಿಸುತ್ತ ಬಂದಿತು. ಆದುದರಿಂದ ಅಂಥ ಚಾಕು ಎಷ್ಟು ಕೈ ಬದಲಿಸಿದರೂ ಮುದ್ರೆಯ ಜಾಡು ಹಿಡಿದು ಅದರ ಹುಟ್ಟೂರನ್ನು ತಲುಪಬಹುದು.

ಈಗ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆ ನೋಡೋಣ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಧುಗಿರಿ ಮತ್ತು ಚನ್ನರಾಯನದುರ್ಗಗಳ ಸುತ್ತ ಮಳೆಗಾಲದ ತೊರೆಗಳು ಬಂಡೆಗಳಿಂದ ಇಳಿಸಿ ತರುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾನೆ. ಉಕ್ಕು ಮಾಡುವವರನ್ನೂ ಅವನು ಮರೆತಿಲ್ಲ. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ಶೆಫೀಲ್ಡಿಗೆ ಹದಿನೆಂಟನೆಯ ಶತಮಾನದಲ್ಲಿ ಕೈಗೂಡಿತು. ದಕ್ಷಿಣ ಭಾರತಕ್ಕೆ ಅದು ಅದಕ್ಕೂ ಬಹು ಹಿಂದಿನಿಂದ ಗೊತ್ತಿತ್ತು. ಆದರೆ ನಮ್ಮ ಹಳ್ಳಿಯ ಕಮ್ಮಾರನ ಅಲಗಿನ ಮೇಲೆ ಸಾಮಾನ್ಯವಾಗಿ ಹೆಸರಿಲ್ಲ, ಅವನ ಮುದ್ರೆಯನ್ನು ಬರೆದಿಟ್ಟ ಸಂಘವೂ ಇಲ್ಲ. ಅದು ಯಾವ ಊರಿನದು, ಯಾರ ಮನೆಯದು, ಯಾವ ಗುಡಿಯಲ್ಲಿ ಆಯುಧಪೂಜೆಗೆ ಇಟ್ಟದ್ದು ಎಂಬ ಬಾಯಿಮಾತಿನ ತಿಳಿವಳಿಕೆಯೇ ಅದರ ಏಕೈಕ ಶಾಸನ. ಕೊಳ್ಳುವವನು ಅಲಗನ್ನು ಒಯ್ದು ಈ ಮಾತನ್ನು ಅಲ್ಲೇ ಬಿಟ್ಟುಹೋದರೆ ಉಳಿಯುವುದು ಬರಿಯ ಕಬ್ಬಿಣ. ಗುಜರಿಯವನು ಅದನ್ನು ಕರಗಿಸಿ ಕೆಡಿಸುತ್ತಾನೆ, ಸಂಗ್ರಾಹಕನು ಹೊಳಪಿಟ್ಟು ಕೆಡಿಸುತ್ತಾನೆ. ಇತಿಹಾಸದ ಮಟ್ಟಿಗೆ ಇಬ್ಬರೂ ಒಂದೇ.

ಕಾನೂನು ಇದೆಯಲ್ಲ ಎನ್ನಬಹುದು. 1972ರ ಪುರಾತನ ವಸ್ತುಗಳ ಕಾಯ್ದೆಯು ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಾಚೆಗೆ ಸಾಗಿಸದಂತೆ ತಡೆಯುತ್ತದೆ, ಮಾರಾಟದ ವ್ಯವಹಾರಕ್ಕೆ ಪರವಾನಗಿಯನ್ನೂ ಕೇಳುತ್ತದೆ. ಆದರೆ ಪಾವಗಡದ ಹಳ್ಳಿಯ ಕಠಾರಿಯು ಬೆಂಗಳೂರಿನ ಬಂಗಲೆಯ ಗೋಡೆಗೇರಿ ಅನಾಮಧೇಯವಾಗುವುದಕ್ಕೆ ಗಡಿ ದಾಟಬೇಕಾಗಿಲ್ಲ.

ಸಂಗ್ರಹವೇ ಬೇಡವೆಂಬುದು ನನ್ನ ವಾದವಲ್ಲ. ಶೆಫೀಲ್ಡಿನ ಕೆನ್ ಹಾಲಿಯವರು ಚಾಕುಗಳ ಜೊತೆಗೆ ಅವನ್ನು ಮಾಡಿದ ಕೈಗಳ ಉಪಕರಣಗಳನ್ನೂ ಕೆಲಸದ ತಿಳಿವಳಿಕೆಯನ್ನೂ ಕೂಡಿಟ್ಟರು. ಆ ಸಂಗ್ರಹ ಇಂದು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಸಂಶೋಧನ ವಿದ್ಯಾರ್ಥಿಗಳೂ ಶಾಸನದ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಮನೆಮನೆಯ ಅಲಗಿನ ಅಳತೆ, ಚಿತ್ರ, ಬಳಕೆ, ಹೇಳಿಕೆಗಳನ್ನು ಬರೆದಿಡಬೇಕು. ಅದೇ ಸೀಮೆಯ ವೀರಗಲ್ಲುಗಳಲ್ಲಿ ಕಂಡರಿಸಿದ ಆಯುಧಗಳೊಡನೆ ಹೋಲಿಸಬೇಕು. ಊರಿನ ಹೆಸರನ್ನು ಬರೆದಿಡದವನಿಗೆ ಆ ಊರಿನ ಅಲಗನ್ನು ಮುಟ್ಟುವ ಅಧಿಕಾರವಿಲ್ಲ.