‘ಶಿಅರಾ’ದ ಒಡೆಯ ಮತ್ತು ನಮ್ಮ ಹುಸಿ ಹೆಮ್ಮೆ

ಅಂತರಿಕ್ಷದ ಸುದ್ದಿಯೊಂದು ಬಂದ ಕೂಡಲೇ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಘೋಷಣೆ ಮೊಳಗುತ್ತದೆ: ‘ಇದನ್ನು ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಹೇಳಿತ್ತು!’ ಪುರಾವೆಯಾಗಿ ಸೂರಃ ಅರ್ರಹ್ಮಾನ್‌ನ 33ನೇ ವಚನವನ್ನು ಮುಂದಿಡಲಾಗುತ್ತದೆ. ಈ ಘೋಷಣೆಯಿಂದ ಕುರ್‌ಆನಿನ ಘನತೆ ಹೆಚ್ಚುವುದಿಲ್ಲ. ಅದು ನಮ್ಮ ಆಲಸ್ಯಕ್ಕೆ ಹೊದಿಸಿದ ರೇಷ್ಮೆಯ ಚಾದರವಷ್ಟೇ.

ಆ ವಚನವನ್ನು ಅದರ ಹಿಂದು ಮುಂದಿನ ವಚನಗಳೊಡನೆ ಓದಿರಿ. ಜಿನ್ನ್ ಮತ್ತು ಮಾನವರ ಸಮೂಹಕ್ಕೆ ಅಲ್ಲಿ ವಿಚಾರಣೆಯ ಎಚ್ಚರಿಕೆಯಿದೆ. ಅಲ್ಲಾಹನ ಹಿಡಿತದಿಂದ ತಪ್ಪಿಸಿಕೊಂಡು ಓಡಲು ಯಾರಿಂದಲೂ ಆಗದು ಎಂಬುದೇ ಅದರ ತಾತ್ಪರ್ಯ. ಇಬ್ನ್ ಕಸೀರರಂತಹ ವ್ಯಾಖ್ಯಾನಕಾರರು ಅದನ್ನು ಹೀಗೆಯೇ ಅರ್ಥೈಸಿದ್ದಾರೆ. ಮನುಷ್ಯನನ್ನು ನಡುಗಿಸಬೇಕಾದ ವಚನವನ್ನು ನಾವು ರಾಕೆಟ್ಟಿನ ಜಾಹೀರಾತನ್ನಾಗಿ ಮಾಡಿಕೊಂಡಿದ್ದೇವೆ.

ಇದರ ಜೊತೆಗೆ ಸುಳ್ಳುಗಳೂ ಸೇರಿವೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅಝಾನ್ ಕೇಳಿ ಇಸ್ಲಾಮ್ ಸ್ವೀಕರಿಸಿದರೆಂಬ ಕತೆ ಇಂದಿಗೂ ಹರಿದಾಡುತ್ತಿದೆ. ಸ್ವತಃ ಆರ್ಮ್‌ಸ್ಟ್ರಾಂಗರೇ ಅದನ್ನು ನಿರಾಕರಿಸಿದ್ದರು. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯೂ ಸ್ಪಷ್ಟನೆ ನೀಡಿತ್ತು. ಬಂದ ಸುದ್ದಿಯನ್ನು ಪರಿಶೀಲಿಸಿರಿ ಎಂದು ಸೂರಃ ಅಲ್ ಹುಜುರಾತ್ ಆಜ್ಞಾಪಿಸುತ್ತದೆ. ಆ ಆಜ್ಞೆಯನ್ನು ಮುರಿದು ಧರ್ಮಸೇವೆ ಮಾಡುವುದು ಹೇಗೆ ಸಾಧ್ಯ?

ನಿಜವಾಗಿ ನಡೆದ ಸಂಗತಿಯೇ ಇದಕ್ಕಿಂತ ಅದ್ಭುತವಾಗಿದೆ. 1977ರಲ್ಲಿ ಹಾರಿದ ವಾಯೇಜರ್ 1 ನೌಕೆಯು 2012ರ ಆಗಸ್ಟ್‌ನಲ್ಲಿ ಸೂರ್ಯಮಾರುತದ ಸೀಮೆಯನ್ನು ದಾಟಿ ನಕ್ಷತ್ರಗಳ ನಡುವಿನ ಅವಕಾಶವನ್ನು ಹೊಕ್ಕಿತು. 2018ರ ನವೆಂಬರ್‌ನಲ್ಲಿ ವಾಯೇಜರ್ 2 ಕೂಡ ಅದೇ ಸೀಮೆಯನ್ನು ದಾಟಿತು. ಮೊದಲನೆಯದು ಈಗ 2,400 ಕೋಟಿ ಕಿಲೋಮೀಟರಿಗೂ ಆಚೆಗಿದೆ. ಬೆಳಕಿನ ವೇಗದಲ್ಲಿ ಹೊರಟ ಅದರ ಸಂಕೇತವು ನಮ್ಮನ್ನು ತಲುಪಲು 22 ಗಂಟೆಗಳಿಗೂ ಹೆಚ್ಚು ಕಾಲ ಬೇಕು. ಎರಡೂ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆಯಿದ್ದು, ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡವೂ ಅಲ್ಲಿದೆ, ಅರಬಿಯೂ ಇದೆ. ಉರ್ದುವಿನ ಶುಭಾಶಯವಂತೂ ಸಲಾಮಿನಿಂದಲೇ ಆರಂಭವಾಗುತ್ತದೆ. ನಮ್ಮ ಮನೆಯ ಎರಡು ಮಾತುಗಳು ಸೂರ್ಯಮಾರುತದ ಎಲ್ಲೆಯನ್ನು ದಾಟಿವೆ. ಆದರೆ ಆ ನೌಕೆಗಳನ್ನು ಕಟ್ಟಿದವರು ಬೇರೆಯವರು.

ವಾಯೇಜರ್ 2 ಸುಮಾರು 2,96,000 ವರ್ಷಗಳ ಬಳಿಕ ಲುಬ್ಧಕ ನಕ್ಷತ್ರದಿಂದ 4.3 ಜ್ಯೋತಿರ್ವರ್ಷಗಳ ದೂರದಲ್ಲಿ ಸಾಗಲಿದೆ. ಲುಬ್ಧಕವೆಂದರೆ ಅರಬರ ‘ಶಿಅರಾ’. ಅಲ್ಲಾಹನೇ ಅದರ ಒಡೆಯನೆಂದು ಸೂರಃ ಅನ್ನಜ್ಮ್‌ನ 49ನೇ ವಚನ ಸಾರುತ್ತದೆ. ಬ್ಯಾಡಗಿಯ ಪೇಟೆಗೆ ಹೊಸ ಮೆಣಸಿನಕಾಯಿ ಬರುವ ಜನವರಿಯ ಸಂಜೆಗಳಲ್ಲಿ ಅದು ನಮ್ಮ ಮೂಡಣ ದಿಕ್ಕಿನಲ್ಲಿ ಜ್ವಲಿಸುತ್ತದೆ. ಆ ವಚನವನ್ನು ಕಂಠಪಾಠ ಮಾಡಿದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಆ ನಕ್ಷತ್ರವನ್ನು ಬೆರಳು ಮಾಡಿ ತೋರಿಸಬಲ್ಲರು?

ಹಿಂದಿನವರು ಹೀಗಿರಲಿಲ್ಲ. ಅಬ್ದುರ್ರಹ್ಮಾನ್ ಅಸ್ಸೂಫಿ ಸುಮಾರು 964ರಲ್ಲಿ ನಕ್ಷತ್ರಗಳ ಕುರಿತು ಗ್ರಂಥ ರಚಿಸಿ, ಇಂದು ನಾವು ಆಂಡ್ರೊಮಿಡಾ ಗ್ಯಾಲಕ್ಸಿ ಎನ್ನುವುದನ್ನು ಪುಟ್ಟ ಮೋಡವೆಂದು ದಾಖಲಿಸಿದರು. ರೋಹಿಣಿ ನಕ್ಷತ್ರಕ್ಕೆ ಜಗತ್ತು ಇಂದಿಗೂ ಅಲ್ದೆಬರಾನ್ ಎಂಬ ಅರಬಿ ಹೆಸರನ್ನೇ ಬಳಸುತ್ತದೆ. ಅವರು ‘ಎಲ್ಲವೂ ಗ್ರಂಥದಲ್ಲಿದೆ’ ಎಂದು ಕೈಕಟ್ಟಿ ಕುಳಿತಿರಲಿಲ್ಲ. ಗ್ರಂಥವು ‘ನೋಡಿರಿ’ ಎಂದಿದ್ದರಿಂದ ನೋಡಿದರು.

ವಿಜ್ಞಾನ ಓದಿದರೆ ಈಮಾನ್ ಕುಂದುತ್ತದೆ ಎಂಬ ಆಕ್ಷೇಪ ಕೆಲವರದು. ಆಕಾಶಗಳ ಸೃಷ್ಟಿಯಲ್ಲಿ ಬುದ್ಧಿವಂತರಿಗೆ ದೃಷ್ಟಾಂತಗಳಿವೆ ಎನ್ನುವ ಗ್ರಂಥದ ಅನುಯಾಯಿಗಳಿಗೆ ಈ ಭಯ ಶೋಭಿಸದು. ನೋಡಿದರೆ ಕುಂದುವ ಈಮಾನ್ ನೋಡುವ ಮುಂಚೆಯೇ ದುರ್ಬಲವಾಗಿತ್ತೆಂದೇ ಅರ್ಥ.

ಆದುದರಿಂದ ಜಮಾಅತಿನ ಹಿರಿಯರೇ, ಜಲ್ಸಾದ ಪೆಂಡಾಲಿಗೆ ಸುರಿಯುವ ಹಣದಲ್ಲಿ ಒಂದು ಪಾಲಿನಿಂದ ಮದ್ರಸಾಕ್ಕೊಂದು ದೂರದರ್ಶಕ ಕೊಳ್ಳಿರಿ. ತಾಯಿತಂದೆಯರೇ, ಹತ್ತನೆಯ ತರಗತಿ ಮುಗಿಸಿದ ಮಗನನ್ನು ಗ್ಯಾರೇಜಿಗೆ ಕಳುಹಿಸುವ ಮುನ್ನ, ಪಿಯುಸಿ ವಿಜ್ಞಾನದಲ್ಲಿ ಗೆದ್ದ ಮಗಳನ್ನು ಮನೆಯಲ್ಲಿ ಕೂರಿಸುವ ಮುನ್ನ ಒಮ್ಮೆ ಯೋಚಿಸಿರಿ. ಕುರ್‌ಆನ್ ಏನು ಹೇಳಿತ್ತು ಎಂದು ಲೋಕಕ್ಕೆ ಸಾರುವ ಮೊದಲು, ಅದು ನಮಗೆ ಏನು ಮಾಡಲು ಹೇಳಿದೆ ಎಂಬುದಕ್ಕೆ ನಾವು ಉತ್ತರಿಸಬೇಕಾಗಿದೆ.